ಪಿಸುಮಾತು ಗೋಡೆ ಹಿಡಿದು ಹೋಗುತ್ತದೆ

ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಮಕ್ಕಳ ಕಿರುಚಾಟವನ್ನು ಸಹಿಸಬಹುದು, ಗೈಡುಗಳ ವಿವರಣೆಯನ್ನು ಸಹಿಸುವುದು ಕಷ್ಟ. "ಇಲ್ಲಿ ಪಿಸುಗುಟ್ಟಿದ್ರ ಮಾತು ನಡುವಿಂದ ನೇರ ಹಾರಿ ಎದುರಿನ ಗ್ವಾಡಿಗೆ ಹೋಗತೈತ್ರಿ" ಎಂಬುದು ಖಾಯಂ ಪಾಠ. ತಿಕೋಟಾ, ಬಬಲೇಶ್ವರದ ಕಡೆಯಿಂದ ಬಂದ ಶಾಲೆಯ ಹುಡುಗರು ತಲೆಯಾಡಿಸುತ್ತಾರೆ, ಜೊತೆಗೆ ಮಾಸ್ತರರೂ.

ನಡುವಿನ ಬಯಲಿಗೆ ಬಿದ್ದ ಪಿಸುಮಾತು ಎಲ್ಲ ಕಡೆ ಹರಡಿ ಸತ್ತುಹೋಗುತ್ತದೆ. ಎದುರಿನವರ ಕಿವಿ ಮುಟ್ಟುವುದು ಗೋಡೆ ಬಳಸಿ ಬಂದದ್ದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಗೋಡೆಗುಂಟ ಹೋದರೆ ಸುಮಾರು 60. ಆ ಸುತ್ತುದಾರಿಯೇ ಸಲೀಸು. ಒಳಬಾಗಿದ ಗೋಡೆಗೆ ಓರೆಯಾಗಿ ತಾಗಿದ ಅಲೆ ತುಸು ಮುಂದೆ ಮತ್ತೆ ಅದೇ ಗೋಡೆಗೆ ತಾಗುತ್ತದೆ, ಮತ್ತೂ ತಾಗುತ್ತದೆ. ಗೋಡೆಯ ಪಕ್ಕದ ತೆಳು ಪದರ ಬಿಟ್ಟು ಆಚೆ ಹೋಗುವುದಿಲ್ಲ. ಅಲೆಯುದ್ದ ಕಿರಿದಾದಷ್ಟೂ ಆ ಪದರ ತೆಳು. ಗೈಡುಗಳು ಕಡ್ಡಿ ಗೀರಿ, ಕಾಗದ ಹರಿದು ತೋರಿಸುತ್ತಾರಲ್ಲ, ಆ ಆಯ್ಕೆ ಪಕ್ಕಾ: ಆ ಸದ್ದುಗಳಲ್ಲಿ ಕೆಲವೇ ಸೆಂಟಿಮೀಟರ್ ಉದ್ದದ ಅಲೆಗಳು ತುಂಬಿರುತ್ತವೆ. ಕೈ ಸರಿಯಿದೆ, ಬಾಯಿ ತಪ್ಪು.

ನಂಬದಿದ್ದರೆ ಎದುರಿಗೆ ನಿಲ್ಲಬೇಡಿ. ಕಾಲು ಸುತ್ತು ದೂರದಲ್ಲಿ ಗೋಡೆಗೆ ಕಿವಿಗೊಡಿ. ಅಲ್ಲೂ ಕೇಳುತ್ತದೆ. ಹಾರಿ ಹೋಗುವ ಮಾತು ಅಲ್ಲೇಕೆ ಕೇಳಬೇಕು?

ದೊಡ್ಡವರೂ ಇಲ್ಲಿ ಜಾರಿದ್ದಾರೆ. ಲಂಡನ್ನಿನ ಸೇಂಟ್ ಪಾಲ್ ಗುಮ್ಮಟದಲ್ಲಿ ಸದ್ದು ಎದುರು ಬಿಂದುವಿಗೆ ಬಂದು ಕೂಡುತ್ತದೆ ಎಂದು ಏರಿ ಎಂಬ ಖಗೋಳಜ್ಞರು ಭಾವಿಸಿದ್ದರು. ಅದನ್ನು ಪರೀಕ್ಷಿಸಲು ಭೌತವಿಜ್ಞಾನಿ ಲಾರ್ಡ್ ರೇಲಿ ಬಾಗಿಸಿದ ತಗಡಿನ ಒಂದು ತುದಿಗೆ ಸೀಟಿ, ಇನ್ನೊಂದು ತುದಿಗೆ ಸದ್ದಿಗೆ ಕುಣಿಯುವ ಜ್ವಾಲೆ ಇಟ್ಟರು. ತಗಡಿನ ಒಳಮೈಗೆ ಹತ್ತಿಸಿ ಸಣ್ಣ ಪಟ್ಟಿಯೊಂದನ್ನು ಅಡ್ಡ ಹಿಡಿದರೆ ಸಾಕು, ನಡುವಿನ ಜಾಗ ಪೂರಾ ತೆರೆದಿದ್ದರೂ ಜ್ವಾಲೆ ಸುಮ್ಮನಾಗುತ್ತಿತ್ತು. 1921ರಲ್ಲಿ ಸಿ.ವಿ. ರಾಮನ್ ಸೇಂಟ್ ಪಾಲ್‌ನಲ್ಲಿ ಕಿವಿಗೊಟ್ಟು ಪರೀಕ್ಷಿಸಿದರು. ನಮ್ಮ ಗೋಳಗುಮ್ಮಟದ ಬಗ್ಗೆಯೂ ಬರೆದರು.

ಹಾಗಾಗಿ ಸದ್ದು ಸಾಗಿಸಲು ಗೋಡೆಯಲ್ಲಿ ಮಡಕೆ, ಕೊಳವೆ ಹುಗಿಯುವ ಅಗತ್ಯವೇ ಇಲ್ಲ, ದುಂಡನೆಯ ಗಟ್ಟಿ ಗಾರೆ ಸಾಕು. ಇಲ್ಲಿ ಏಳು ಸಲ ಪ್ರತಿಧ್ವನಿ ಕೇಳುತ್ತದೆ ಎಂಬ ಲೆಕ್ಕವೂ ಚಪ್ಪಾಳೆಯ ಜೋರು, ಜನರ ಗದ್ದಲ ನೋಡಿ ಬದಲಾಗುತ್ತದೆ.

ಇದೇ ಆಟ ಆಕಾಶದಲ್ಲೂ ಉಂಟು. ಭೂಮಿಯಿಂದ 70-90 ಕಿ.ಮೀ. ಮೇಲೆ ತೆಳುವಾದ ಗಾಳಿ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಅನಿಲ, ಆಗತೊಡಗುತ್ತದೆ. ಕೆಳಗಿನಿಂದ ನೋಡಿದರೆ ಅದರ ಅಂಚೂ ಒಳಬಾಗಿದ ಗೋಡೆಯೇ. 1962ರಲ್ಲಿ ಬಡನ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಈ ಪದರವನ್ನು, ಅಂದರೆ ಅಯಾನುಗೋಳವನ್ನು, ಪಿಸುಮಾತಿನ ಗ್ಯಾಲರಿ ಎಂದೇ ಕರೆದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೆಕ್ಕ ಹಾಕಿದರು: ಅತಿ ಕಡಿಮೆ ಆವರ್ತನದ ಕೆಲವು ರೇಡಿಯೊ ಅಲೆಗಳು ನೆಲದ ಗೊಡವೆಯಿಲ್ಲದೆ ಪ್ಲಾಸ್ಮಾದ ಆ ಅಂಚನ್ನು ಹಿಡಿದೇ ಸಾಗಬಲ್ಲವು.

ಆದರೆ ಪ್ಲಾಸ್ಮಾ ಎಂದರೆ ಕೇಳುವವರಾರು? "ಈಗಿನ ಎಂಜಿನಿಯರುಗಳಿಗೂ ತಿಳಿಯದ ರಹಸ್ಯ" ಎನ್ನಿ, ಮೊಬೈಲುಗಳು ಮೇಲೇಳುತ್ತವೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲೆ, ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳ ಆಸರೆಯಲ್ಲಿ ಅಷ್ಟು ದುಂಡಗೆ ಗುಮ್ಮಟ ಕೂರಿಸಿದವರು ಅಳತೆಯ ದಾರ ಹಿಡಿದು ಮಾಡಿದ ಕೆಲಸವನ್ನು ನಾವು ಟಿಕೀಟು ಕೊಟ್ಟು ಮಾಟ ಮಾಡಿಬಿಟ್ಟಿದ್ದೇವೆ.