ನರದ ನೋವಿಗೆ ‘ಕರೆಂಟ್’ ಚಿಕಿತ್ಸೆ: ಹಣ ಕಟ್ಟುವ ಮುನ್ನ ಇಷ್ಟು ತಿಳಿದಿರಲಿ

ಸರ್ಪಸುತ್ತು ವಾಸಿಯಾಗಿ ತಿಂಗಳುಗಳಾದರೂ ಕೆಲವರಿಗೆ ಆ ಜಾಗದ ಉರಿ ಹೋಗಲ್ಲ. ಇನ್ನು ಕೆಲವರಿಗೆ ಸೊಂಟದಿಂದ ಕಾಲಿಗೆ ಇಳಿಯುವ ಸೆಳೆತದಿಂದ ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲೋದೂ ಕಷ್ಟ. ಮಾತ್ರೆ, ಫಿಸಿಯೋಥೆರಪಿಗೂ ಬಗ್ಗದ ಇಂಥ ನೋವಿಗೆ ತಜ್ಞ ವೈದ್ಯರು ಹೇಳುವ ದಾರಿಗಳಲ್ಲಿ ‘ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ’ ಒಂದು.

ನರ ಸುಡ್ತಾರಾ?

ಇಲ್ಲ. ನರ ಸುಡುವ ಚಿಕಿತ್ಸೆ ಬೇರೆ ಇದೆ. ಅದರಲ್ಲಿ ಕರೆಂಟ್ ಬಿಡದೆ ಹರಿದು ಸೂಜಿಯ ತುದಿ 60ರಿಂದ 80 ಡಿಗ್ರಿವರೆಗೆ ಕಾಯುತ್ತದೆ. ಪಲ್ಸ್ಡ್ ವಿಧಾನದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಎರಡೇ ಸಲ, ಒಂದೊಂದು ಸಲಕ್ಕೆ 20 ಮಿಲಿಸೆಕೆಂಡ್ ಕರೆಂಟ್ ಹರಿಯುತ್ತದೆ. ನಡುವಿನ ಬಿಡುವಿನಲ್ಲಿ ಬಿಸಿ ಆರುವುದರಿಂದ ತುದಿ 42 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತಾರೆ. ನರ ಉಳಿಯುತ್ತದೆ, ಅದು ಕಳಿಸುವ ನೋವಿನ ಸಂದೇಶದ ಜೋರು ತಗ್ಗುತ್ತದೆ ಎನ್ನುವುದು ಇದರ ಹಿಂದಿನ ಲೆಕ್ಕಾಚಾರ. 1998ರಲ್ಲಿ ಮೊದಲು ವರದಿಯಾದ ವಿಧಾನವಿದು. ಫಿಸಿಯೋಥೆರಪಿಯಲ್ಲಿ ಚರ್ಮದ ಮೇಲೆ ಕೊಡುವ ಕರೆಂಟ್ ಇದಲ್ಲ.

ಹೇಗೆ ಮಾಡ್ತಾರೆ?

ಚರ್ಮ ಮರಗಟ್ಟಿಸಿ, ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯನ್ನು ನರದ ಹತ್ತಿರ ಒಯ್ಯುತ್ತಾರೆ. ‘ಜುಮ್ ಅಂತಿದೆಯಾ?’ ಎಂದು ಕೇಳಿ ಜಾಗ ಖಚಿತಪಡಿಸಿಕೊಳ್ಳುತ್ತಾರೆ. ಕರೆಂಟ್ ಕೊಡುವುದು ಕೆಲವೇ ನಿಮಿಷ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ಪೂರ್ತಿ ವಾಸಿ ಆಗುತ್ತಾ?

ಆ ಭರವಸೆ ಯಾರೂ ಕೊಡುವಂತಿಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಆರಾಮ ಸಿಗುತ್ತದೆ, ಕೆಲವರಿಗೆ ಏನೂ ಸಿಗಲ್ಲ. ನೋವು ಮರಳಲೂಬಹುದು. ಜಾರಿದ ಡಿಸ್ಕ್ ಇದರಿಂದ ಸರಿಹೋಗಲ್ಲ. ಮುಖದ ಟ್ರೈಜೆಮಿನಲ್ ನರದ ನೋವಿಗೆ ಇದಕ್ಕಿಂತ ಬಿಸಿ ಕೊಡುವ ವಿಧಾನವೇ ಹೆಚ್ಚು ಫಲ ಕೊಟ್ಟಿದೆ.

ಹಾಗಾಗಿ ಮೊದಲು ಕೇಳಬೇಕಾದ್ದು: ‘ನೋವು ಇದೇ ನರದ್ದು ಅಂತ ಹೇಗೆ ಗೊತ್ತಾಯ್ತು?’ ಇದಕ್ಕಾಗಿ ಆ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುವ ಪರೀಕ್ಷೆ ಇದೆ. ಅದರಿಂದ ಸ್ವಲ್ಪ ಹೊತ್ತೂ ನೋವು ತಗ್ಗದಿದ್ದರೆ ಮುಂದಿನ ಖರ್ಚಿಗೆ ಮುನ್ನ ಮತ್ತೆ ಯೋಚಿಸಬೇಕು. ಒಟ್ಟು ವೆಚ್ಚ ಎಷ್ಟು, ವಿಮೆ ಒಪ್ಪುತ್ತದಾ ಎಂಬುದನ್ನೂ ಮೊದಲೇ ವಿಚಾರಿಸಿ.

ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್, ಸಕ್ಕರೆ ಕಾಯಿಲೆ, ಗರ್ಭ ಇದ್ದರೆ ವೈದ್ಯರಿಗೆ ತಿಳಿಸಲೇಬೇಕು. ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಸೊಂಟನೋವಿನ ಜತೆ ಕಾಲು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ಈ ಚಿಕಿತ್ಸೆಗೆ ಕಾಯುವ ಮಾತೇ ಇಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕು.