ಬಯಾಲಜಿ ಆಯ್ದುಕೊಳ್ಳುವ ಮುನ್ನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಹುಬ್ಬಳ್ಳಿಯ ಕಮರಿಪೇಟೆಯಂಥ ಬಡಾವಣೆಗಳ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ, ಯಾವ ಕಾಲೇಜಿನಿಂದ ಹೆಚ್ಚು ಮೆಡಿಕಲ್ ಸೀಟು ಬಂದಿವೆ ಎಂಬುದು. ಹದಿನೈದು–ಹದಿನಾರರ ಮಗು ಪಿಯುಸಿ ವಿಜ್ಞಾನದಲ್ಲಿ ಜೀವಶಾಸ್ತ್ರ ತೆಗೆದುಕೊಂಡಿತೆಂದರೆ ಡಾಕ್ಟರಾಗುವ ಸಂಕಲ್ಪ ಮಾಡಿತೆಂದೇ ಮನೆಯವರು ತಿಳಿಯುತ್ತಾರೆ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ರ‍್ಯಾಂಕ್ ಕೈತಪ್ಪಿದರೆ ಎರಡು ವರ್ಷದ ಓದೇ ವ್ಯರ್ಥವಾಯಿತು ಎಂಬ ಕೊರಗು ಹುಟ್ಟುವುದು ಇಲ್ಲಿಂದಲೇ. ಆದ್ದರಿಂದ ಕಾಲೇಜು ಮತ್ತು ವಿಷಯಗಳನ್ನು ಆರಿಸುವಾಗ ಬೇರೊಂದು ಅಳತೆಗೋಲು ಬೇಕು: ಮೆಡಿಕಲ್ ಸೀಟು ಸಿಗದಿದ್ದರೂ ಈ ಎರಡು ವರ್ಷ ಮಗುವಿಗೆ ಏನು ಕೊಡುತ್ತವೆ?

ಈ ಮಾತಿಗೆ ಆಧಾರ ಲೆಕ್ಕದಲ್ಲಿಯೇ ಇದೆ. 2025ರಲ್ಲಿ ದೇಶದಾದ್ಯಂತ ಸುಮಾರು 22 ಲಕ್ಷ ವಿದ್ಯಾರ್ಥಿಗಳು ನೀಟ್ ಬರೆದರು. ಆಗ ಎಂಬಿಬಿಎಸ್ ಸೀಟುಗಳಿದ್ದುದು ಸುಮಾರು 1.2 ಲಕ್ಷ. ಅಂದರೆ ಹದಿನೆಂಟು ಮಂದಿಗೆ ಒಂದು ಸೀಟು. ಅವುಗಳಲ್ಲಿ ಸಾಧಾರಣ ಆದಾಯದ ಮನೆಗೆ ನಿಲುಕುವ ಸರ್ಕಾರಿ ಶುಲ್ಕದ ಸೀಟುಗಳು ಇನ್ನೂ ಕಡಿಮೆ. ಇದು ಆಸೆ ಬಿಡಿ ಎನ್ನುವುದಕ್ಕಲ್ಲ. 1957ರಲ್ಲಿ ಮೆಡಿಕಲ್ ಕಾಲೇಜಾಗಿ ಆರಂಭವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸಂಸ್ಥೆ ನಮ್ಮ ಊರಲ್ಲೇ ಇರುವಾಗ ಆ ಆಸೆ ಸಹಜ. ಆದರೆ ಅದೇ ಆಸ್ಪತ್ರೆಯ ಒಳಗೆ ರಕ್ತ ಪರೀಕ್ಷಿಸುವವರು, ಎಂಆರ್‌ಐ ಯಂತ್ರ ನಡೆಸುವವರು, ಡಯಾಲಿಸಿಸ್ ನೋಡಿಕೊಳ್ಳುವವರು, ದಾದಿಯರು, ಫಾರ್ಮಸಿಸ್ಟರು ಇಲ್ಲದೆ ವೈದ್ಯರ ಕೆಲಸ ಒಂದು ದಿನವೂ ಸಾಗದು. ಇಂಥ ಹಲವು ವೃತ್ತಿಗಳಿಗೆ ರಾಷ್ಟ್ರಮಟ್ಟದ ಆಯೋಗ ರಚಿಸುವ ಕಾಯ್ದೆ 2021ರಲ್ಲಿ ಬಂದಿದೆ. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬಯೋಟೆಕ್ನಾಲಜಿ ಎಂಜಿನಿಯರಿಂಗ್ ಇದೆ. ಜೀವಶಾಸ್ತ್ರ ಓದಿದವರ ದಾರಿ ನೀಟ್ ಬಾಗಿಲಲ್ಲೇ ಮುಗಿಯುವುದಿಲ್ಲ.

ಈ ದಾರಿಗಳೆಲ್ಲ ತೆರೆದಿರಬೇಕಾದರೆ ಗಣಿತವನ್ನು ಬಿಡಬಾರದು. ಡಾಕ್ಟರಿಕೆಗೆ ಗಣಿತವೇಕೆ, ಆ ಸಮಯವನ್ನೂ ಬಯಾಲಜಿಗೇ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ನೀಟ್‌ನ 720 ಅಂಕಗಳಲ್ಲಿ ಜೀವಶಾಸ್ತ್ರದ್ದು 360. ಉಳಿದರ್ಧ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ್ದು. ಗಣಿತದ ಅಭ್ಯಾಸ ತಪ್ಪಿದ ಮಗು ಭೌತಶಾಸ್ತ್ರದ ಲೆಕ್ಕಗಳಲ್ಲಿ ತಡವರಿಸುತ್ತದೆ. ಇನ್ನೊಂದು ಸಂಗತಿಯೂ ಗಮನಾರ್ಹ. ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರು ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಮಾನ್ಯ ಮಂಡಳಿಯಿಂದ ಪಾಸು ಮಾಡಿ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ತಿಳಿಸಿತು. ಗಣಿತ ಬಿಟ್ಟವರಿಗಾದರೋ ಎಂಜಿನಿಯರಿಂಗ್ ಪ್ರವೇಶವೇ ಕಷ್ಟ. ಆದ್ದರಿಂದ ಮನಸ್ಸು ಇನ್ನೂ ಗಟ್ಟಿಯಾಗದ ಮಕ್ಕಳಿಗೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳಿರುವ ಪಿಸಿಎಂಬಿಯೇ ಸುರಕ್ಷಿತ. ಗಣಿತ ನಿಜಕ್ಕೂ ಭಾರವಾಗಿ, ನರ್ಸಿಂಗ್ ಅಥವಾ ಲ್ಯಾಬ್ ತಂತ್ರಜ್ಞಾನವೇ ಸಾಕೆಂದು ಸ್ಪಷ್ಟವಾಗಿ ಹೇಳುವ ಮಗುವಿನ ಮೇಲೆ ಮಾತ್ರ ಅದನ್ನು ಹೇರಬೇಕಿಲ್ಲ.

ಇನ್ನು ಕಾಲೇಜಿನ ಆಯ್ಕೆ. ಪಿಯು ಪಾಠದ ಜತೆಗೇ ನೀಟ್ ತರಬೇತಿ ಕೊಡುವ ಇಂಟಿಗ್ರೇಟೆಡ್ ಕೋಚಿಂಗ್ ಇಲ್ಲದ ಕಾಲೇಜಿಗೆ ಸೇರಿಸಿದರೆ ಮಗು ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತದೆ ಎಂಬ ಆತಂಕ ಸುಳ್ಳಲ್ಲ. 180 ಪ್ರಶ್ನೆಗಳಿಗೆ ಮೂರು ಗಂಟೆಯಲ್ಲಿ ಉತ್ತರಿಸಲು ಅಭ್ಯಾಸ ಬೇಕೇ ಬೇಕು. ಆದರೆ ಕೋಚಿಂಗ್ ವೇಗ ಕಲಿಸುತ್ತದೆ. ವಿಷಯ ತಿಳಿಯದವರಿಗೆ ಆ ವೇಗದಿಂದ ಹೆಚ್ಚು ಲಾಭವಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರದ 100 ಅಂಕಗಳಲ್ಲಿ 30 ಪ್ರಯೋಗಾಲಯದ್ದು. ಈರುಳ್ಳಿ ಬೇರಿನ ಕೋಶವಿಭಜನೆಯನ್ನು ಸೂಕ್ಷ್ಮದರ್ಶಕದಲ್ಲಿ ತಾನೇ ಕಂಡ ಮಗುವಿಗೂ ಅದರ ಚಿತ್ರವನ್ನಷ್ಟೇ ಬಾಯಿಪಾಠ ಮಾಡಿದ ಮಗುವಿಗೂ ತಿಳಿವಳಿಕೆಯಲ್ಲಿ ಅಂತರವಿದೆ, ಆ ಅಂತರ ಮುಂದಿನ ಯಾವ ಪದವಿಯಲ್ಲೂ ಎದ್ದು ಕಾಣುತ್ತದೆ. ಕಣ್ಣಾರೆ ಕಂಡು ಕಲಿಯುವುದು ಪ್ರಯೋಗಾಲಯಕ್ಕಷ್ಟೇ ಸೀಮಿತವಾಗಬೇಕಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಆರೋಗ್ಯ ವೃತ್ತಿಗಳತ್ತ ಒಲವಿರುವ ಮಕ್ಕಳಿಗಾಗಿಯೇ 1972ರಲ್ಲಿ ಒಂದು ಸರ್ಕಾರಿ ಪ್ರೌಢಶಾಲೆ ತೆರೆಯಿತು. ಈಗ ಹೃದಯ ಶಸ್ತ್ರಚಿಕಿತ್ಸಕ ಮೈಕೆಲ್ ಡಿಬೇಕಿ ಅವರ ಹೆಸರು ಹೊತ್ತಿರುವ ಆ ಶಾಲೆಯನ್ನು ಬೇಲರ್ ವೈದ್ಯಕೀಯ ಕಾಲೇಜಿನ ಜತೆಗೂಡಿ ಕಟ್ಟಲಾಯಿತು. ಆಸ್ಪತ್ರೆಯ ಕೆಲಸವನ್ನು ಹತ್ತಿರದಿಂದ ಕಂಡ ಮೇಲೆ ಮಗು ತನ್ನ ಒಲವನ್ನು ತಾನೇ ಪರೀಕ್ಷಿಸಿಕೊಳ್ಳಬಲ್ಲದು. ದೊಡ್ಡ ಸರ್ಕಾರಿ ಆಸ್ಪತ್ರೆ, ಪಿಯು ಕಾಲೇಜುಗಳು ಒಂದೇ ಊರಿನಲ್ಲಿರುವ ಹುಬ್ಬಳ್ಳಿಯಲ್ಲಿ ಇಂಥ ನಂಟು ಬೆಳೆಸುವುದು ಅಸಾಧ್ಯವೇನಲ್ಲ.

ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದ ಮಕ್ಕಳಿಗೆ ಇನ್ನೊಂದು ಭಯವಿದೆ. ಎನ್‌ಸಿಇಆರ್‌ಟಿಯ ಇಂಗ್ಲಿಷ್ ಪುಸ್ತಕ ಕೈಗೆ ಬಂದಾಗ, ಗೊತ್ತಿದ್ದ ವಿಷಯವೂ ಅಪರಿಚಿತವಾಗಿ ಕಾಣುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ಮೊದಲ ಕೆಲವು ತಿಂಗಳು ಎರಡೂ ಭಾಷೆಗಳಲ್ಲಿ ಬಿಡಿಸಿ ಹೇಳುವ ಉಪನ್ಯಾಸಕರು ಸಿಕ್ಕರೆ ನೀಗುವ ತೊಡಕು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಲಭ್ಯ ಎಂಬುದನ್ನು ಎಷ್ಟೋ ಮನೆಗಳಿಗೆ ಯಾರೂ ಹೇಳಿರುವುದಿಲ್ಲ.

ಹೀಗಾಗಿ ಅಡ್ಮಿಷನ್‌ಗೆ ಹೋದಾಗ ಪಾಲಕರು ರ‍್ಯಾಂಕ್ ಪಡೆದವರ ಫೋಟೊ ನೋಡಿ ತೃಪ್ತರಾಗದೆ ಪ್ರಯೋಗಾಲಯ ತೋರಿಸಿ ಎಂದು ಕೇಳಬೇಕು. ಪ್ರಾಕ್ಟಿಕಲ್ ವಾರವಾರ ನಡೆಯುತ್ತದೆಯೋ ಪರೀಕ್ಷೆಯ ಹೊತ್ತಿಗಷ್ಟೇ ನಡೆಯುತ್ತದೆಯೋ, ಒಂದು ಸೂಕ್ಷ್ಮದರ್ಶಕಕ್ಕೆ ಎಷ್ಟು ಮಕ್ಕಳು, ಕನ್ನಡ ಮಾಧ್ಯಮದವರಿಗೆ ಏನು ನೆರವಿದೆ ಎಂದು ವಿಚಾರಿಸಬೇಕು. ಹದಿನೆಂಟರಲ್ಲಿ ಒಬ್ಬರಿಗೆ ಸೀಟು ಕೊಡಿಸುವುದಷ್ಟೇ ಒಳ್ಳೆಯ ಕಾಲೇಜಿನ ಗುರುತಲ್ಲ. ಉಳಿದ ಹದಿನೇಳು ಮಂದಿಗೂ ಗಟ್ಟಿಯಾದ ವಿಜ್ಞಾನ ಕಲಿಸಿ ಕಳಿಸುವ ಕಾಲೇಜಿಗೆ ಮಗುವನ್ನು ಸೇರಿಸಿದರೆ, ಫಲಿತಾಂಶ ಏನೇ ಬರಲಿ, ಆ ಎರಡು ವರ್ಷಕ್ಕೆ ಬೆಲೆ ಇದ್ದೇ ಇರುತ್ತದೆ.