ಹವಳಕ್ಕೆ ಬೇಕಾದ ಬಿಡುವು

ಲಕ್ಷದ್ವೀಪದ ತೆಂಗಿನ ನಾರು ಹೊತ್ತ ಹಾಯಿದೋಣಿಗಳು ಒಂದು ಕಾಲದಲ್ಲಿ ಮಂಗಳೂರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದವು. ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ನೆಲ ಬೆಟ್ಟದ ಕಲ್ಲಲ್ಲ, ನದಿ ತಂದ ಮಣ್ಣೂ ಅಲ್ಲ. ಹವಳದ ಜೀವಿಗಳು ಕಟ್ಟಿದ ಸುಣ್ಣದ ರಾಶಿ. ಅಲೆಗಳ ಹೊಡೆತ ತಡೆಯುವುದೂ ಸುತ್ತಲಿನ ಹವಳದ ದಿಬ್ಬವೇ. ಆದ್ದರಿಂದ ಸತ್ತ ಹವಳದ ಜಾಗದಲ್ಲಿ ಹೊಸದು ಬೆಳೆದೀತೇ ಎಂಬುದು ದ್ವೀಪದವರ ಪಾಲಿಗೆ ಕಾಲಡಿಯ ನೆಲದ ಪ್ರಶ್ನೆ.

ಹವಳವೆಂದರೆ ಸುಣ್ಣದ ಗೂಡು ಕಟ್ಟಿಕೊಂಡು ಒಟ್ಟಾಗಿ ಬಾಳುವ ಪುಟ್ಟ ಪ್ರಾಣಿಗಳ ಸಮೂಹ. ಅವುಗಳ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ, ಆಸರೆ ಕೊಟ್ಟ ಹವಳಕ್ಕೂ ಉಣಿಸುತ್ತದೆ. ಸಮುದ್ರದ ನೀರು ಬೇಸಿಗೆಯ ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು, ವಾರಗಟ್ಟಲೆ ಹಾಗೆಯೇ ಉಳಿದರೆ ಈ ನಂಟು ಮುರಿಯುತ್ತದೆ. ಪಾಚಿಯನ್ನು ಹೊರದೂಡಿದ ಹವಳ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ. ಇಲ್ಲವಾದರೆ ಹವಳ ಹಸಿವಿನಿಂದ ಸಾಯುತ್ತದೆ.

ಸತ್ತ ಹವಳದ ಮೇಲೆ ಬೇರೆ ಬಗೆಯ ಪಾಚಿ ಹಬ್ಬುತ್ತದೆ. ಗಿಳಿಮೀನಿನಂಥ ಮೀನುಗಳು ಅದನ್ನು ಮೇಯ್ದು ಚೊಕ್ಕಟ ಮಾಡಿದ ಜಾಗದಲ್ಲಿ, ನೀರಿನಲ್ಲಿ ತೇಲಿಬಂದ ಮರಿಹವಳಗಳು ಅಂಟಿಕೊಂಡು ಬೆಳೆಯುತ್ತವೆ. ದಿಬ್ಬದ ಚೇತರಿಕೆ ಎಂದರೆ ಇದೇ. ಇದಕ್ಕೆ ಬೇಕಾದುದು ವರ್ಷಗಳ ಬಿಡುವು.

ಲಕ್ಷದ್ವೀಪದ ಹವಳ 1998, 2010 ಮತ್ತು 2016ರಲ್ಲಿ ಎಲ್ ನಿನೋ ಬಿಸಿಗೆ ಸಿಕ್ಕಿತು. 2024ರಲ್ಲಿ ಮತ್ತೊಮ್ಮೆ ಬಿಳಿಚಿತು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳನ್ನು 24 ವರ್ಷ ಗಮನಿಸಿದ ವಿಜ್ಞಾನಿಗಳು ಒಂದು ಸಮಾಧಾನದ ಸಂಗತಿ ಕಂಡರು: ಪ್ರತಿ ಸಲವೂ ಸಾಯುವ ಹವಳದ ಪ್ರಮಾಣ ಹಿಂದಿಗಿಂತ ಕಡಿಮೆಯಾಗಿತ್ತು. ಆದರೆ ಸುಮಾರು 6 ವರ್ಷ ಕಳೆದ ಮೇಲೆಯೇ ಚೇತರಿಕೆ ವೇಗ ಪಡೆಯುತ್ತಿತ್ತು. 1998ರ ಬಳಿಕ 12 ವರ್ಷ ಸಿಕ್ಕಿತ್ತು. 2010ರ ಬಳಿಕ ಬರೀ 6. ಹೀಗಾಗಿ 1998ರಲ್ಲಿ ದಿಬ್ಬದ ಶೇಕಡಾ 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿತ್ತು.

ಇಲ್ಲಿ ದ್ವೀಪದವರ ಬಾಳ್ವೆಯ ಪಾಲೂ ಇದೆ. ಅವರ ಮುಖ್ಯ ಕಸುಬು ಹೊರಗಡಲಿನಲ್ಲಿ ಕೋಲು-ಗಾಳದಿಂದ ಟ್ಯೂನಾ ಹಿಡಿಯುವುದು. ಅದರಿಂದಾಗಿ ದಿಬ್ಬದ ಮೀನುಗಳು ಬಹುಕಾಲ ಉಳಿದು, ಹವಳದ ಹೊಲವನ್ನು ಹಸನು ಮಾಡುತ್ತ ಬಂದವು. ಈಚೆಗೆ ಆ ಮೀನುಗಳಿಗೂ ಮಾರುಕಟ್ಟೆ ಹುಟ್ಟಿದೆ. ಅವನ್ನು ಉಳಿಸುವುದು ದ್ವೀಪದವರ ಕೈಯಲ್ಲಿದೆ. ಸಮುದ್ರವನ್ನು ಕಾಯಿಸುತ್ತಿರುವ ಹೊಗೆ ಮಾತ್ರ ಬಹುಪಾಲು ಅವರ ಒಲೆಯದಲ್ಲ.